ರಿಟ್ ಅರ್ಜಿ ಘಾಟಿ ಹತ್ತಬೇಕಾ? ಮುಖ್ಯಮಂತ್ರಿಗಳಿಗೂ ಮುಖ್ಯ ನ್ಯಾಯಮೂರ್ತಿಗಳಿಗೂ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ, ಗೌರವಾನ್ವಿತ ಮುಖ್ಯ ನ್ಯಾಯಮೂರ್ತಿಗಳಿಗೆ, ಉಡುಪಿಯಿಂದ ನಮಸ್ಕಾರ.

ಮಂಗಳೂರಿನಲ್ಲಿ ಹೈಕೋರ್ಟಿನ ಸಂಚಾರಿ ಪೀಠ, ಅಂದರೆ ನ್ಯಾಯಮೂರ್ತಿಗಳು ಇಲ್ಲಿಗೇ ಬಂದು ಕೂತು ಕೇಸು ಕೇಳುವ ವ್ಯವಸ್ಥೆ, ಬೇಕು ಅಂತ ಕರಾವಳಿಯ ವಕೀಲರು ಕೇಳುತ್ತಿರುವುದು ನಿಮಗೆ ಗೊತ್ತೇ ಇದೆ. ವಕೀಲರು ಕೇಳಿದರೆ "ಅವರಿಗೆ ಅವರ ಹೊಟ್ಟೆಪಾಡು" ಅನ್ನುವ ಜನ ಇದ್ದಾರೆ. ನಾನು ವಕೀಲ ಅಲ್ಲ. ಕೋರ್ಟಿನ ಹತ್ತಿರ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡವನು. ಪೀಠ ಮಂಗಳೂರಿಗೆ ಬಂದರೆ ಉಡುಪಿಯ ನನ್ನ ಅಂಗಡಿಗೆ ಲಾಭವೇನೂ ಇಲ್ಲ, ಇರುವ ನಾಲ್ಕು ಗಿರಾಕಿಗಳೂ ಆ ಕಡೆ ಹೋದಾರು. ಆದರೂ ಈ ಪತ್ರ ಬರೆಯುತ್ತಿದ್ದೇನೆ. ಸರ್ಕಾರದ ನೋಟಿಸು ಹಿಡಿದುಕೊಂಡು ಜನ ಮೊದಲು ಬರುವುದು ನನ್ನಂಥವರ ಹತ್ತಿರ. ಅವರು ಯಾಕೆ ಕೋರ್ಟಿಗೆ ಹೋಗದೆ ವಾಪಸ್ ಹೋಗುತ್ತಾರೆ ಅನ್ನುವುದು ನನಗೆ ಕಾಣುತ್ತದೆ.

ನಿಯಮಗಳ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವ ಹಾಗಿಲ್ಲ. ಆ 61 ದಿನ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ದುಡಿಮೆ ನಿಂತರೂ ಮೀನುಗಾರರು ಅದನ್ನು ಒಪ್ಪಿಕೊಂಡಿದ್ದಾರೆ. ಮೀನು ಮೊಟ್ಟೆ ಇಡುವ ಕಾಲ ಯಾವುದು ಅಂತ ಇಲಾಖೆಗಿಂತ ಅವರಿಗೇ ಜಾಸ್ತಿ ಗೊತ್ತು. ಕೇರಳ ಸರ್ಕಾರ ತನ್ನ ತೀರದ ನೀರಿನಲ್ಲಿ ಪರ್ಸೀನ್ ಬಲೆ (ಮೀನಿನ ಹಿಂಡನ್ನೇ ಸುತ್ತುವರಿದು ಹಿಡಿಯುವ ದೊಡ್ಡ ಬಲೆ) ನಿಷೇಧಿಸಿದಾಗ ಆ ಬೋಟಿನವರು ಸುಪ್ರೀಂ ಕೋರ್ಟಿನವರೆಗೂ ಹೋಗಿ 1993ರಲ್ಲಿ ಸೋತರು. ನಾಡದೋಣಿಯವರ ಹೊಟ್ಟೆಯೂ ತುಂಬಬೇಕಲ್ಲ, ನಿಷೇಧ ಸರಿಯೇ ಎಂದಿತು ಕೋರ್ಟು. ಕೋರ್ಟಿಗೆ ಹೋದವರೆಲ್ಲ ಗೆಲ್ಲಬೇಕು ಅಂತ ಯಾರೂ ಹೇಳುತ್ತಿಲ್ಲ.

ಸಂವಿಧಾನದ 19(1)(ಜಿ) ವಿಧಿ ನಮಗೆ ಯಾವುದೇ ಕಸುಬು, ವ್ಯಾಪಾರ ಮಾಡುವ ಹಕ್ಕು ಕೊಟ್ಟಿದೆ. 19(6) ಅದಕ್ಕೆ ಲಗಾಮು ಹಾಕುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಆದರೆ ಆ ಲಗಾಮು ಕಾನೂನಿನ ಮೂಲಕವೇ ಬರಬೇಕು, ಸಾಹೇಬರ ಬಾಯಿಮಾತಿನಿಂದ ಅಲ್ಲ. ಜನರ ಒಳಿತಿಗೆ ಇರಬೇಕು. ಅಳತೆ ಮೀರಬಾರದು. ಮೀರಿದರೆ? ಮೀರಿತು ಅಂತ ಹೇಳಿ ನಿಲ್ಲಿಸುವವರು ಒಬ್ಬರು ಬೇಕು. ಅದಕ್ಕೇ 226ನೇ ವಿಧಿ, ಅದಕ್ಕೇ ಹೈಕೋರ್ಟು. ಇದನ್ನು ಮಾಡಿ, ಇದನ್ನು ನಿಲ್ಲಿಸಿ ಅಂತ ಆ ವಿಧಿಯ ಕೆಳಗೆ ಹೈಕೋರ್ಟು ಸರ್ಕಾರಕ್ಕೆ ಹೊರಡಿಸುವ ಆದೇಶವೇ ರಿಟ್.

ಅಳತೆ ಮೀರುವುದು ಅಂದರೆ ಏನು ಅನ್ನುವುದಕ್ಕೆ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುವ ಒಂದು ಕೇಸು ಇದೆ. ಇಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಮನೆಗಳು ಲೆಕ್ಕವಿಲ್ಲದಷ್ಟು. ಮಡಿಲಲ್ಲಿ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತುವ ಹೆಂಗಸರು ಜಗಲಿಯಲ್ಲಿ ಕೂತಿರುವುದನ್ನು ನೋಡದವರು ಕರಾವಳಿಯವರೇ ಅಲ್ಲ. ಮಧ್ಯಪ್ರದೇಶದ ಸಾಗರ ಜಿಲ್ಲೆಯಲ್ಲೂ (ನಮ್ಮ ಶಿವಮೊಗ್ಗದ ಸಾಗರ ಅಲ್ಲ) ಬೀಡಿ ದೊಡ್ಡ ಕಸುಬು. ಬೇಸಾಯದ ಕಾಲದಲ್ಲಿ ಹೊಲಕ್ಕೆ ಆಳು ಸಿಗಬೇಕು ಅಂತ 1948ರಲ್ಲಿ ಅಲ್ಲಿ ಒಂದು ಕಾಯ್ದೆ ಬಂತು. ಅದರ ಬಲದಿಂದ 1950ರಲ್ಲಿ ಅಲ್ಲಿನ ಡೆಪ್ಯುಟಿ ಕಮಿಷನರ್ ಕೆಲವು ಹಳ್ಳಿಗಳಲ್ಲಿ ಆ ಕಾಲ ಮುಗಿಯುವವರೆಗೆ ಯಾರೂ ಬೀಡಿ ಕಟ್ಟಬಾರದು ಎಂದು ಆದೇಶ ಹೊರಡಿಸಿದರು. ಒಬ್ಬ ಬೀಡಿ ಮಾಲೀಕ, ಒಬ್ಬ ಕೆಲಸಗಾರ ಸೀದಾ ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನ ಬಂದು ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ.

ಹೊಲಕ್ಕೆ ಆಳು ಬೇಕು ಅನ್ನುವ ಉದ್ದೇಶದಲ್ಲಿ ಕೋರ್ಟು ತಪ್ಪು ಹುಡುಕಲಿಲ್ಲ. ಆದರೆ ಆ ಹಳ್ಳಿಗಳಲ್ಲಿ ಹೊಲದ ಕೆಲಸ ಮಾಡಲಾಗದ ಮುದುಕಿಯರಿದ್ದರು, ಅಂಗವಿಕಲರಿದ್ದರು, ಕಾಯಿಲೆಯವರಿದ್ದರು. ಅವರ ಕೈಯಿಂದ ಬೀಡಿ ಕಸಿದುಕೊಂಡರೆ ಹೊಲಕ್ಕೆ ಒಬ್ಬ ಆಳೂ ಜಾಸ್ತಿ ಆಗುವುದಿಲ್ಲ, ಅವರ ಗಂಜಿ ಮಾತ್ರ ಹೋಗುತ್ತದೆ. ಉದ್ದೇಶಕ್ಕೆ ಬೇಕಾದದ್ದಕ್ಕಿಂತ ಕಾನೂನಿನ ಬಲೆ ದೊಡ್ಡದಾಯಿತು. ಹಾಗಾಗಿ ಆ ಕಾಯ್ದೆಯೇ ಅಸಿಂಧು ಎಂದು ತೀರ್ಪಾಯಿತು. ಚಿಂತಾಮನ ರಾವ್ ಪ್ರಕರಣ ಅಂತ ಅದರ ಹೆಸರು. ಕಾನೂನು ಓದುವ ಮಕ್ಕಳು ಇವತ್ತಿಗೂ ಅದನ್ನು ಓದುತ್ತಾರೆ. ನನಗೆ ಅದರಲ್ಲಿ ಇಷ್ಟವಾಗುವುದು ಆ ಮುದುಕಿಯರು. ದೆಹಲಿಯ ಕೋರ್ಟಿನಲ್ಲಿ ಅವರ ಪರವಾಗಿ ಯಾರೋ ಯೋಚಿಸಿದರಲ್ಲ!

ಸರ್ಕಾರವನ್ನು ಕೋರ್ಟಿಗೆ ಎಳೆಯುವುದು ಕರಾವಳಿಗೆ ಹೊಸತೂ ಅಲ್ಲ. ನನ್ನ ಅಂಗಡಿಯಿಂದ ರಥಬೀದಿಗೆ ನಡೆದೇ ಹೋಗಬಹುದು. ಅಲ್ಲಿನ ಅಷ್ಟಮಠಗಳಲ್ಲಿ ಒಂದು ಶಿರೂರು ಮಠ. ಪರ್ಯಾಯದ, ಅಂದರೆ ಸರದಿಯ ಮೇಲೆ ಕೃಷ್ಣಮಠದ ಪೂಜೆ ವಹಿಸಿಕೊಳ್ಳುವುದರ, ಖರ್ಚು ಎಂಥದ್ದು ಅಂತ ಉಡುಪಿಯವರಿಗೆ ಹೇಳಬೇಕಾಗಿಲ್ಲ. ಆ ಖರ್ಚಿನಲ್ಲಿ ಮಠ ಸಾಲಕ್ಕೆ ಬಿತ್ತು. ಆಗ ನಾವು ಮದ್ರಾಸಿಗೆ ಸೇರಿದ್ದೆವು. ಅಲ್ಲಿನ ಧಾರ್ಮಿಕ ದತ್ತಿ ಮಂಡಳಿ ಮಠದ ಆಡಳಿತಕ್ಕೆ ಕೈ ಹಾಕಿತು. 1951ರ ಹೊಸ ಕಾಯ್ದೆ ಆ ಕೈಯನ್ನು ಇನ್ನಷ್ಟು ಉದ್ದ ಮಾಡಿತು. ಶ್ರೀ ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು ಕೋರ್ಟಿಗೆ ಹೋದರು. 1954ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಕಾಯ್ದೆಯ ಕೆಲವು ಸೆಕ್ಷನ್ನುಗಳು ಉಳಿದವು, ಕೆಲವು ಬಿದ್ದವು. ಮಠದ ಆಸ್ತಿಯ ಲೆಕ್ಕಪತ್ರವನ್ನು ಕಾನೂನಿನ ಪ್ರಕಾರ ನೋಡಿ, ಧರ್ಮದ ಆಚರಣೆಯೊಳಗೆ ಬರಬೇಡಿ ಎಂಬುದು ಅದರ ಸಾರ.

ಆ ತೀರ್ಪು ಎಂದರೆ ಎಲ್ಲರೂ ಧರ್ಮದ ಭಾಗವನ್ನೇ ಹೇಳುತ್ತಾರೆ. ನನ್ನ ಗಿರಾಕಿಗಳಿಗೆ ಸಂಬಂಧಪಟ್ಟದ್ದು ಅದರೊಳಗಿನ ಇನ್ನೊಂದು ವಿಷಯ. ಮಠ ಮಂದಿರಗಳು ಆದಾಯದಲ್ಲಿ ನೂರಕ್ಕೆ 5ರವರೆಗೆ ಸರ್ಕಾರಕ್ಕೆ ಕಟ್ಟಬೇಕು ಅಂತ ಆ ಕಾಯ್ದೆ ಹೇಳಿತ್ತು. ಇದು ಶುಲ್ಕ ಅಂದಿತು ಸರ್ಕಾರ. ಶುಲ್ಕ ಅಂದರೆ ಅದಕ್ಕೆ ತಕ್ಕ ಸೇವೆ ಕೊಡಬೇಕಲ್ಲ, ಇಲ್ಲಿ ಕಟ್ಟಿದ ದುಡ್ಡಿಗೂ ಕೊಡುವ ಸೇವೆಗೂ ಸಂಬಂಧವೇ ಇಲ್ಲ, ಇದು ತೆರಿಗೆ, ಇಂಥ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕೆ ಇಲ್ಲ ಅಂದಿತು ಕೋರ್ಟು. ಆಮೇಲಿನ ತೀರ್ಪುಗಳು ಇದನ್ನು ಸ್ವಲ್ಪ ಸಡಿಲ ಮಾಡಿವೆ, ನಿಜ. ಆದರೂ ಲೈಸೆನ್ಸ್ ಫೀಸು ಏರಿದಾಗಲೆಲ್ಲ "ಈ ದುಡ್ಡಿಗೆ ನೀವು ಕೊಡುವುದು ಏನು" ಅಂತ ದೇಶದ ಯಾವ ಮೂಲೆಯ ವ್ಯಾಪಾರಿ ಕೇಳಿದರೂ ಆ ಪ್ರಶ್ನೆಯ ಬೇರು ನಮ್ಮ ರಥಬೀದಿಯಲ್ಲಿದೆ.

1957ರಲ್ಲಿ ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಕೇಸು. ದಲಿತರಿಗೆ ದೇವಸ್ಥಾನದ ಬಾಗಿಲು ತೆರೆಸಿದ ಮದ್ರಾಸಿನ ಕಾಯ್ದೆ ತಮಗೆ ಹತ್ತುವುದಿಲ್ಲ ಅಂತ ಅಲ್ಲಿನ ಆಡಳಿತದವರು ವಾದಿಸಿದರು. ಸೋತರು. ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಮಾತ್ರ ಹೊರಗಿನವರನ್ನು ತಡೆಯುವ ಹಕ್ಕು ಅವರಿಗೆ ಉಳಿಯಿತು. ಅವರು ಸೋತದ್ದು ಒಳ್ಳೆಯದೇ ಆಯಿತು ಅನ್ನುವವನು ನಾನು. ಸರ್ಕಾರದ ಕಾನೂನು ಸರಿಯಿದ್ದರೆ ಅದಕ್ಕೆ ಕೋರ್ಟಿನ ಮುದ್ರೆ ಬಿದ್ದು ಇನ್ನೂ ಗಟ್ಟಿಯಾಗುತ್ತದೆ ಅನ್ನುವುದಕ್ಕೂ ಇದು ಸಾಕ್ಷಿ.

ಎಡನೀರು ಮಠ ಈಗ ಕೇರಳದಲ್ಲಿದೆ. 1956ರವರೆಗೆ ನಮ್ಮದೇ ಜಿಲ್ಲೆ. ಭೂಸುಧಾರಣೆ ಕಾಯ್ದೆಯ ವಿರುದ್ಧ ಅಲ್ಲಿನ ಕೇಶವಾನಂದ ಭಾರತಿ ಸ್ವಾಮಿಗಳು ಹಾಕಿದ ಕೇಸಿಗೆ 13 ನ್ಯಾಯಮೂರ್ತಿಗಳು ಕೂತರು. 1973ರ ಏಪ್ರಿಲ್‌ನಲ್ಲಿ ಏಳು ಆರರ ಅಂತರದಲ್ಲಿ ಬಂದ ತೀರ್ಪಿನಿಂದ ಸ್ವಾಮಿಗಳ ಜಮೀನು ಉಳಿಯಲಿಲ್ಲ, ಸಂವಿಧಾನದ ಮೂಲ ಸ್ವರೂಪ ಉಳಿಯಿತು. ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಕರ್ನಾಟಕ ಸರ್ಕಾರದ ಮೇಲೆ ನಡೆಸಿದ ಕೇಸಿಗೆ 11 ನ್ಯಾಯಮೂರ್ತಿಗಳು. ಶಿಕ್ಷಣ ಸಂಸ್ಥೆ ನಡೆಸುವುದೂ 19(1)(ಜಿ) ಕೆಳಗಿನ ಕಸುಬೇ, ಅದನ್ನು ಸರ್ಕಾರ ನಿಯಂತ್ರಿಸಬಹುದು, ನುಂಗುವ ಹಾಗಿಲ್ಲ ಎಂದು 2002ರಲ್ಲಿ ತೀರ್ಪಾಯಿತು.

ಸರ್ಕಾರದ ಗಡಿ ಎಲ್ಲಿದೆ ಅಂತ ದೇಶಕ್ಕೆ ತೋರಿಸಿಕೊಟ್ಟ ಕೇಸುಗಳಲ್ಲಿ ಇಷ್ಟೊಂದು ಈ ಪುಟ್ಟ ಕರಾವಳಿಯಿಂದ ಹೋಗಿವೆ. ಹೆಮ್ಮೆ ಉಂಟು. ಆದರೆ ಹೋದವರು ಯಾರು ನೋಡಿ. ಮಠ, ದೇವಸ್ಥಾನ, ಕಾಲೇಜು. ಮದ್ರಾಸಿಗೂ ದೆಹಲಿಗೂ ವಕೀಲರನ್ನು ಕಳಿಸುವ ಶಕ್ತಿ ಇದ್ದವರು. ಬೀಡಿ ಕಟ್ಟುವವರಾಗಲಿ, ಬುಟ್ಟಿಯಲ್ಲಿ ಮೀನು ಮಾರುವವರಾಗಲಿ ಆ ಪಟ್ಟಿಯಲ್ಲಿ ಇಲ್ಲ. ಅವರಿಗೆ ಸರ್ಕಾರದಿಂದ ತೊಂದರೆಯೇ ಆಗಿಲ್ಲ ಅಂತಾನಾ?

ಒಬ್ಬರ ವಿಷಯ ಹೇಳುತ್ತೇನೆ. ಚರುಮುರಿ ಗಾಡಿ ಇಟ್ಟುಕೊಂಡ ಅಕ್ಕ. ಬೀದಿ ವ್ಯಾಪಾರಿಯ ಕಾರ್ಡು ಇತ್ತು, ಲ್ಯಾಮಿನೇಷನ್ ಮಾಡಿಸಿ ಗಾಡಿಯ ಗಾಜಿಗೇ ಅಂಟಿಸಿದ್ದರು. ಒಂದು ಸಂಜೆ ಒಂದು ಸ್ಥಳೀಯ ಸಂಸ್ಥೆಯ ಲಾರಿ ಬಂದು ಗಾಡಿಯನ್ನು ಎತ್ತಿಕೊಂಡು ಹೋಯಿತು. ಚರುಮುರಿಯ ಮೂಟೆ, ಹೆಚ್ಚಿಟ್ಟ ನೀರುಳ್ಳಿ, ಟೊಮೆಟೊ, ತುರಿದ ಕ್ಯಾರೆಟ್, ಮಾವಿನಕಾಯಿ, ಅರ್ಧ ಮುಗಿದ ತೆಂಗಿನೆಣ್ಣೆ ಬಾಟಲಿ, ಚಿಲ್ಲರೆ ಹಾಕುವ ಹಾರ್ಲಿಕ್ಸ್ ಡಬ್ಬಿ, ಎಲ್ಲ ಅದರಲ್ಲೇ. ಮೊದಲು ನೋಟಿಸು ಬಂದಿರಲಿಲ್ಲ. ಕೈಗೆ ಒಂದು ಚೀಟಿಯೂ ಸಿಗಲಿಲ್ಲ. ಅವರು ನನ್ನ ಅಂಗಡಿಗೆ ಬಂದದ್ದು ಮಾರನೇ ದಿನ ಬೆಳಿಗ್ಗೆ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರತಿ ನನ್ನ ಕಂಪ್ಯೂಟರಿನಲ್ಲೇ ಇದೆ, ಪ್ರಿಂಟ್ ತೆಗೆದು ತೋರಿಸಿದೆ. ಕಾರ್ಡು ಇದ್ದವರನ್ನು ಎಬ್ಬಿಸುವ ಮೊದಲು 30 ದಿನದ ನೋಟಿಸು ಕೊಡಬೇಕು ಅಂತ 18ನೇ ಸೆಕ್ಷನ್ ಹೇಳುತ್ತದೆ. ಸಾಮಾನು ಎತ್ತಿಕೊಂಡು ಹೋದರೆ ಸ್ಥಳದಲ್ಲೇ ಪಟ್ಟಿ ಮಾಡಿ ಸಹಿ ಹಾಕಿ ಕೊಡಬೇಕು, ಕೇಳಿಕೊಂಡು ಹೋದರೆ ಹಾಳಾಗುವ ವಸ್ತುವನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು ಅಂತ 19ನೇ ಸೆಕ್ಷನ್. ಎಷ್ಟು ಚೆಂದ ಬರೆದಿದ್ದಾರೆ ಮಾರಾಯ್ರೆ, ಹೆಚ್ಚಿದ ಟೊಮೆಟೊದ ಬಗ್ಗೆಯೂ ಪಾರ್ಲಿಮೆಂಟು ಯೋಚಿಸಿದೆ!

ಕಾಯ್ದೆಯೊಳಗೇ ದೂರು ಕೇಳುವ ಸಮಿತಿಯೂ ಇದೆ. ಅದಕ್ಕೊಂದು ಅರ್ಜಿ ಟೈಪ್ ಮಾಡಿಕೊಟ್ಟೆ. "ಇದಕ್ಕೆ ಉತ್ತರ ಯಾವಾಗ ಬರ್ತದೆ ಅಣ್ಣಾ?" ಅಂತ ಕೇಳಿದರು. ನನಗೆ ಹೇಳಲಿಕ್ಕೆ ಆಗಲಿಲ್ಲ. ಪಕ್ಕದಲ್ಲಿ ಇದ್ದ ವಕೀಲರು ಒಳ್ಳೆಯವರು, ದುಡ್ಡು ಕೇಳದೆ ಸಲಹೆ ಕೊಟ್ಟರು. ಬೇಗ ಆಗಬೇಕಾದರೆ ಹೈಕೋರ್ಟಿನಲ್ಲಿ ರಿಟ್ ಹಾಕಬೇಕು, ಕೇಸು ಗಟ್ಟಿ ಇದೆ ಅಂದರು.

"ಹೈಕೋರ್ಟು ಅಂದ್ರೆ ಬೆಂಗಳೂರಾ?"

"ಹೌದಕ್ಕ."

ಅವರು ಪ್ರಿಂಟನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡರು. "ಅಷ್ಟೆಲ್ಲ ಎಂತಕ್ಕೆ. ದಂಡ ಎಷ್ಟು ಅಂತ ಕೇಳಿ ಬರ್ತೇನೆ" ಅಂತ ಎದ್ದು ಹೋದರು. ದಂಡ ಕಟ್ಟಿ ಗಾಡಿ ಬಿಡಿಸಿಕೊಂಡರು. ರಸೀದಿಯನ್ನು ಜೆರಾಕ್ಸ್ ಮಾಡಿಸಲು ಬಂದಾಗ ನೋಡಿದೆ, ಯಾವ ಸೆಕ್ಷನ್ ಕೆಳಗೆ ದಂಡ ಅನ್ನುವ ಜಾಗ ಖಾಲಿ ಇತ್ತು.

ಅವರನ್ನು ಹೆದರುಪುಕ್ಕಲು ಅನ್ನಬೇಡಿ. ಸರಿಯಾಗಿಯೇ ಲೆಕ್ಕ ಹಾಕಿದರು. ಗಾಡಿ ಇಲ್ಲದ ಒಂದೊಂದು ದಿನವೂ ಸಂಪಾದನೆ ಸೊನ್ನೆ. ದಂಡದ ಮೊತ್ತ ಬೆಂಗಳೂರಿನ ಖರ್ಚಿಗಿಂತ ಕಡಿಮೆ. ಹೀಗೆ ಲೆಕ್ಕ ಹಾಕಿ ಸುಮ್ನೆ ದುಡ್ಡು ಕಟ್ಟುವವರನ್ನು ನಾನು ತುಂಬ ನೋಡಿದ್ದೇನೆ. ಹೋಟೆಲಿನವರು, ಸಣ್ಣ ಬೋಟಿನವರು, ಮನೆಗೆ ಒಂದು ಕೋಣೆ ಸೇರಿಸಿದವರು. ಕಾನೂನಿನಲ್ಲಿ ಇಲ್ಲದ ದಂಡ ಊರಲ್ಲಿ ರೂಢಿ ಆಗುವುದು ಹೀಗೇ. ಯಾರೂ ಪ್ರಶ್ನೆ ಮಾಡದಿದ್ದರೆ ಮುಂದಿನ ಅಧಿಕಾರಿ ಅದನ್ನೇ ನಿಯಮ ಅಂದುಕೊಳ್ಳುತ್ತಾರೆ. ಅವರು ಕೆಟ್ಟವರೇ ಆಗಬೇಕಾಗಿಲ್ಲ. ಹಿಂದಿನವರ ಫೈಲಿನಲ್ಲಿ ಹಾಗೆ ಇತ್ತು, ಅಷ್ಟೇ.

ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಬೈಂದೂರಿನವರಿಗೆ ಇನ್ನೂ ದೂರ. ಕಲಬುರಗಿಯಷ್ಟು ದೂರ ಅಲ್ಲ ಅಂತ ನೀವು ಹೇಳಬಹುದು, ಸರಿ. ಆದರೆ ನಮಗೂ ಬೆಂಗಳೂರಿಗೂ ಮಧ್ಯೆ ಘಾಟಿ ಇದೆ. ಶಿರಾಡಿಯಲ್ಲಿ ಮಣ್ಣು ಜಾರಿದರೆ ಬಸ್ಸು ನಿಂತಿತು. 2024ರ ಜುಲೈಯಲ್ಲಿ ಯಡಕುಮರಿ ಹತ್ತಿರ ಹಳಿಯ ಕೆಳಗಿನ ಮಣ್ಣೇ ಹೋಗಿ ರೈಲೂ ನಿಂತಿತ್ತು. "ನಾಳೆ ಬೆಳಿಗ್ಗೆ ಬಂದು ಕೆಡವುತ್ತೇವೆ" ಅಂತ ಇವತ್ತು ಸಂಜೆ ನೋಟಿಸು ಅಂಟಿಸಿ ಹೋದರೆ ಮಳೆಗಾಲದಲ್ಲಿ ನಾವು ಸ್ಟೇ ತರುವುದು ಹೇಗೆ?

ನಮ್ಮ ಊರಿನ ಕೋರ್ಟೇ ಸಾಲದಾ ಅಂತ ಜನ ಕೇಳುತ್ತಾರೆ. ಸಿವಿಲ್ ಕೋರ್ಟು ಆಸ್ತಿ ತಗಾದೆ ನೋಡುತ್ತದೆ, ಕೆಲವು ಸಲ ತಡೆಯಾಜ್ಞೆಯನ್ನೂ ಕೊಡುತ್ತದೆ. ರಿಟ್ ಹೊರಡಿಸುವ ಅಧಿಕಾರ ಅದಕ್ಕೆ ಇಲ್ಲ. ಒಂದು ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಎಂದು ಹೇಳುವ ಹಾಗೂ ಇಲ್ಲ, ಹಾಗನಿಸಿದರೆ ಹೈಕೋರ್ಟಿಗೇ ಬರೆದು ಕೇಳಬೇಕು. ಕುತೂಹಲದ ವಿಷಯ ಏನೆಂದರೆ ಸಂವಿಧಾನದ 32(3) ವಿಧಿಯಲ್ಲಿ ಬೇರೆ ಕೋರ್ಟುಗಳಿಗೂ ಇಂಥ ಅಧಿಕಾರ ಕೊಡಲು ಪಾರ್ಲಿಮೆಂಟಿಗೆ ದಾರಿ ಇದೆ. ಇಷ್ಟು ವರ್ಷವಾದರೂ ಪಾರ್ಲಿಮೆಂಟು ಆ ದಾರಿ ತುಳಿದಿಲ್ಲ. ಅದು ನಿಮ್ಮಿಬ್ಬರ ಕೈಯಲ್ಲೂ ಇಲ್ಲ, ಹಾಗಾಗಿ ಅದನ್ನು ಇಲ್ಲಿಗೇ ಬಿಡುತ್ತೇನೆ.

ಈಗ ವಿಡಿಯೊ ವಿಚಾರಣೆ ಇದೆ, ಇ-ಫೈಲಿಂಗ್ ಇದೆ, ಪೀಠ ಯಾಕೆ ಅನ್ನುವವರಿಗೆ ಒಂದು ಮಾತು. ಅದರಿಂದ ಅನುಕೂಲ ಆಗಿದೆ, ಇಲ್ಲ ಅನ್ನುವುದಿಲ್ಲ. ವಾದ ಮಾಡುವ ವಕೀಲರಿಗೆ ಆಗಿದೆ. ಚರುಮುರಿ ಅಕ್ಕನಿಗೆ ಬೇಕಾದದ್ದು ತಾನು ಎದುರು ಕೂತು ತುಳುವಿನಲ್ಲಿ ಕಥೆ ಹೇಳಬಹುದಾದ, ರಿಟ್ ಕೆಲಸ ದಿನವೂ ಮಾಡುವ ವಕೀಲರು. ಪೀಠ ಇಲ್ಲದ ಊರಿನಲ್ಲಿ ಅಂಥ ವಕೀಲರು ಬೆಳೆಯುವುದಿಲ್ಲ, ಕಲಿತವರು ಬೆಂಗಳೂರಿಗೇ ಹೋಗುತ್ತಾರೆ. ಇನ್ನು 1987ರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಅದರಿಂದ ವಕೀಲರ ಫೀಸು ಉಳಿಯಬಹುದು, ದಾರಿ ಸವೆಯುವುದು ತಪ್ಪುವುದಿಲ್ಲ.

ಕೋರ್ಟು ಹತ್ತಿರ ಬಂದರೆ ಅಭಿವೃದ್ಧಿ ಕೆಲಸಕ್ಕೆಲ್ಲ ಸ್ಟೇ ತರುತ್ತಾರೆ ಅನ್ನುವ ಅಳುಕು ಸರ್ಕಾರದ ಕಡೆ ಇರಬಹುದು. ಮುಖ್ಯಮಂತ್ರಿಗಳೇ, ದೊಡ್ಡ ಗುತ್ತಿಗೆದಾರರೂ ದೊಡ್ಡ ಕಂಪನಿಗಳೂ ಈಗಲೂ ಸ್ಟೇ ತರುತ್ತಿದ್ದಾರೆ. ಅವರಿಗೆ 350 ಕಿಲೋಮೀಟರ್ ಒಂದು ದೂರವೇ ಅಲ್ಲ. ದೂರ ತಡೆಯುವುದು ಚಿಕ್ಕವರನ್ನು ಮಾತ್ರ. ನಿಮ್ಮದೇ ತಹಶೀಲ್ದಾರರನ್ನು ಕೇಳಿ ನೋಡಿ. ಒಂದು ಕೇಸಿಗೆ ಸರ್ಕಾರಿ ವಕೀಲರಿಗೆ ವಿವರ ಕೊಡಲು ಫೈಲು ಕಟ್ಟಿಕೊಂಡು ಅವರೂ ಬೆಂಗಳೂರಿಗೆ ಓಡಬೇಕು. ಆ ಹೊತ್ತು ಇಲ್ಲಿ ಅವರ ಟೇಬಲ್ ಮುಂದೆ ಜನ ಕಾಯುತ್ತಿರುತ್ತಾರೆ.

ದಾರಿ ಹೊಸದಾಗಿ ಕಡಿಯಬೇಕಾಗಿಲ್ಲ. ಧಾರವಾಡ ಮತ್ತು ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಖಾಯಂ ಆಯಿತು. ಮಹಾರಾಷ್ಟ್ರದಲ್ಲಿ ಮುಂಬೈಯಿಂದ ಸುಮಾರು ನಮ್ಮಷ್ಟೇ ದೂರದ ಕೊಲ್ಹಾಪುರದಲ್ಲಿ 2025ರ ಆಗಸ್ಟ್‌ನಿಂದ ಬಾಂಬೆ ಹೈಕೋರ್ಟಿನ ಸಂಚಾರಿ ಪೀಠ ನಡೆಯುತ್ತಿದೆ, ಆರು ಜಿಲ್ಲೆಗಳಿಗೆ. ಅಲ್ಲಿ ಬಳಸಿದ್ದು 1956ರ ರಾಜ್ಯ ಪುನರ್ವಿಂಗಡಣೆ ಕಾಯ್ದೆಯ 51(3) ಸೆಕ್ಷನ್. ಅದರ ಪ್ರಕಾರ ರಾಜ್ಯಪಾಲರ ಒಪ್ಪಿಗೆ ಪಡೆದು ಮುಖ್ಯ ನ್ಯಾಯಮೂರ್ತಿಗಳು ರಾಜ್ಯದ ಬೇರೆ ಊರಿನಲ್ಲೂ ನ್ಯಾಯಾಲಯ ಕೂರಿಸಬಹುದು. ಪಾರ್ಲಿಮೆಂಟಿಗೆ ಹೋಗಬೇಕಾಗಿಲ್ಲ. ಮಡಿಕೇರಿಯವರಿಗೂ ಬೆಂಗಳೂರಿಗಿಂತ ಮಂಗಳೂರೇ ಹತ್ತಿರ, ಚಿಕ್ಕಮಗಳೂರಿನ ಮಲೆನಾಡಿನವರಿಗೂ ಹಾಗೆಯೇ.

ಗೌರವಾನ್ವಿತ ಮುಖ್ಯ ನ್ಯಾಯಮೂರ್ತಿಗಳೇ, ಮೊದಲ ದಿನವೇ ದೊಡ್ಡ ಕಟ್ಟಡ ಬೇಕು ಅಂತ ನಾವು ಕೇಳುತ್ತಿಲ್ಲ. ತಿಂಗಳಲ್ಲಿ ಒಂದು ವಾರ ರಿಟ್ ಅರ್ಜಿಗಳಿಗೆ ಮಾತ್ರ ಕೂತರೂ ಸಾಕು. ಎಷ್ಟು ಕೇಸು ಬರುತ್ತವೆ ನೋಡಿ, ಆಮೇಲೆ ತೀರ್ಮಾನ ಮಾಡಿ. ಮುಖ್ಯಮಂತ್ರಿಗಳೇ, ಸಂಪುಟದಲ್ಲಿ ನಿರ್ಣಯ ಮಾಡಿ ಜಾಗ, ಸಿಬ್ಬಂದಿ, ಖರ್ಚು ನಾವು ಕೊಡುತ್ತೇವೆ ಅಂತ ಲಿಖಿತವಾಗಿ ಹೈಕೋರ್ಟಿಗೆ ತಿಳಿಸಿ. ಭರವಸೆಯ ಮಾತು ವೇದಿಕೆಯಲ್ಲಿ ಬೇಕಾದಷ್ಟು ಕೇಳಿದ್ದೇವೆ.

ಇನ್ನೊಂದು ಕೋರಿಕೆ ಇದೆ, ಅದಕ್ಕೆ ಪೀಠವೂ ಬೇಡ, ಬಜೆಟ್ಟೂ ಬೇಡ, ಒಂದು ಸುತ್ತೋಲೆ ಸಾಕು. ಸರ್ಕಾರದ ಯಾವ ಕಚೇರಿಯಿಂದ ನೋಟಿಸು, ದಂಡದ ರಸೀದಿ, ಜಪ್ತಿ ಚೀಟಿ ಹೊರಟರೂ ಅದರಲ್ಲಿ ಯಾವ ಕಾಯ್ದೆ, ಯಾವ ಸೆಕ್ಷನ್, ಒಪ್ಪಿಗೆ ಇಲ್ಲದಿದ್ದರೆ ಎಷ್ಟು ದಿನದೊಳಗೆ ಯಾರ ಹತ್ತಿರ ಅಪೀಲು ಎಂದು ಕನ್ನಡದಲ್ಲಿ ಬರೆದಿರಬೇಕು. ಬರೆಯದಿದ್ದರೆ ದಂಡ ವಸೂಲಿ ಮಾಡುವ ಹಾಗಿಲ್ಲ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ, ಜೆರಾಕ್ಸಿನಲ್ಲಿ ಸಣ್ಣ ಅಕ್ಷರ ಮಾಸಿಹೋಗುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಉಡುಪಿ ಕೋರ್ಟಿನ ಹತ್ತಿರದ ಒಬ್ಬ ಟೈಪಿಸ್ಟ್